ಅಪ್‌ಡೇಟ್: ಎಸ್‌ಎಸ್‌ಡಿ ಹಾಕಿದರೂ ನಿಧಾನ ಎಂದಿದ್ದೆನಲ್ಲ, ಕಾರಣ ಸಿಕ್ಕಿತು

ಸೋಮವಾರಪೇಟೆಯ ನಮ್ಮ ಮನೆಯ ಹಳೇ ಡೆಸ್ಕ್‌ಟಾಪ್‌ಗೆ ಎಸ್‌ಎಸ್‌ಡಿ (ಹಾರ್ಡ್ ಡಿಸ್ಕ್ ಬದಲು ಹಾಕುವ ವೇಗದ ಡಿಸ್ಕ್) ಹಾಕಿ ಲಿನಕ್ಸ್ ಮಿಂಟ್ ಎಂಬ ಆಪರೇಟಿಂಗ್ ಸಿಸ್ಟಮ್ ಇನ್‌ಸ್ಟಾಲ್ ಮಾಡಿದರೂ ಆನ್ ಆಗಲು ಎರಡು ನಿಮಿಷ ಬೇಕು, ಯಾಕೆ ಎಂದು ಇಲ್ಲಿ ಕೇಳಿದ್ದೆ. ಸರಿಹೋಯಿತು! ಎಸ್‌ಎಸ್‌ಡಿಯನ್ನು ಸುಮ್ನೆ ಬೈದೆ.

ನೀವು ಹೇಳಿದಂತೆ ಬೂಟ್ ಆಗುವಾಗ ಎಸ್ಕೇಪ್ ಒತ್ತಿ ನೋಡಿದೆ. ಯಾವುದೋ ಡಿಸ್ಕಿಗಾಗಿ 90 ಸೆಕೆಂಡ್ ಕಾಯುತ್ತಿತ್ತು. ಇನ್‌ಸ್ಟಾಲ್ ಮಾಡುವಾಗ ಹಳೇ ಹಾರ್ಡ್ ಡಿಸ್ಕ್ ಒಳಗೇ ಇತ್ತು. ಅದರ ಸ್ವಾಪ್ ಪಾರ್ಟಿಷನ್ನನ್ನು (ರ‍್ಯಾಮ್ ಸಾಲದಾದಾಗ ಬಳಸಲು ಡಿಸ್ಕಿನಲ್ಲಿ ಬಿಟ್ಟ ಜಾಗ) ಇನ್‌ಸ್ಟಾಲರ್ ತಾನಾಗಿಯೇ ಸೇರಿಸಿಕೊಂಡಿದೆ. ಆಮೇಲೆ ನಾನು ಡಿಸ್ಕ್ ಕಿತ್ತೆ. ಪಾಪ, ಇಲ್ಲದ್ದಕ್ಕೆ ಕಾಯದೆ ಇನ್ನೇನು ಮಾಡೀತು, ಅಲ್ವಾ? ಆನ್ ಆಗುವಾಗ ಯಾವ ಡಿಸ್ಕ್‌ಗಳನ್ನು ಜೋಡಿಸಬೇಕೆಂಬ ಪಟ್ಟಿ ಇರುವ ಎಫ್‌ಎಸ್‌ಟ್ಯಾಬ್ ಫೈಲಿನಲ್ಲಿ, ಆ ಸ್ವಾಪ್‌ನ ಸಾಲನ್ನು ಲೆಕ್ಕಕ್ಕೆ ತೆಗೆದುಕೊಳ್ಳದಂತೆ ಅದರ ಮುಂದೆ # ಹಾಕಿದೆ, ಅಷ್ಟೇ. ಈಗ 20 ಸೆಕೆಂಡ್ ಸಾಕು.

ಟ್ರಿಮ್ (ಯಾವ ಜಾಗ ಖಾಲಿಯಾಗಿದೆ ಎಂದು ಎಸ್‌ಎಸ್‌ಡಿಗೆ ತಿಳಿಸುವ ಕೆಲಸ) ವಾರಕ್ಕೊಮ್ಮೆ ತಾನೇ ನಡೆಯುತ್ತಿದೆ, ಮುಟ್ಟಲಿಲ್ಲ. ಮಳೆ ಜಾಸ್ತಿಯಾಗಿ ಕರೆಂಟ್ ಹೋಗಿ ಬರುತ್ತಿದೆ, ಮುಂದಿನ ಖರ್ಚು ಯುಪಿಎಸ್‌ಗೆ.