ಕೃತಕ ಕಾಲು ಹಾಕಿಸಿದರೂ ತಮ್ಮ ಹೊರಗೆ ಬರುತ್ತಿಲ್ಲ, ನಿಮ್ಮ ಅನುಭವ ಹೇಳಿ

ಕುಮಟಾದಿಂದ:
ಬೈಕ್ ಅಪಘಾತದಲ್ಲಿ ತಮ್ಮನಿಗೆ ಮೊಣಕಾಲಿನ ಕೆಳಗೆ ಒಂದು ಕಾಲು ಹೋಯಿತು. ಕೃತಕ ಕಾಲು ಹಾಕಿಸಿದ್ದೇವೆ. ಮನೆಯೊಳಗೆ ನಡೆಯುತ್ತಾನೆ. ಪೇಟೆಗೆ ಕರೆದರೆ ಬರುವುದಿಲ್ಲ, ಎಲ್ಲರೂ ನೋಡ್ತಾರೆ ಅನ್ನುತ್ತಾನೆ. ನೆಂಟರು ಬಂದರೆ ಕೋಣೆ ಬಾಗಿಲು ಹಾಕಿಕೊಳ್ಳುತ್ತಾನೆ. ಏನು ಮಾಡಲಿ?

ಶಿರಸಿಯಿಂದ:
ತಂಗಿ, ನಾನು ಪೋಲಿಯೋ ಆಗಿ ಊರುಗೋಲು ಹಿಡಿದೇ ಬೆಳೆದವನು. ಮೊದಲು ನೆಂಟರ ಬಾಯಿಗೆ ತಡೆ ಹಾಕಿ. "ಅಯ್ಯೋ ಪಾಪ, ಇನ್ನು ಮದುವೆ ಹೇಗೆ" ಅಂತ ಎದುರಿಗೇ ಶುರು ಮಾಡುತ್ತಾರೆ. ಯಾವ ಜನ್ಮದ ಕರ್ಮವೋ ಅನ್ನುವವರೂ ಇದ್ದಾರೆ. ಅದನ್ನೆಲ್ಲ ಕೇಳಿಸಿಕೊಳ್ಳುವುದಕ್ಕಿಂತ ಬಾಗಿಲು ಹಾಕಿಕೊಳ್ಳುವುದೇ ವಾಸಿ ಅಲ್ವಾ? ನನ್ನ ಆಯಿ "ಆ ಮಾತು ಈ ಮನೆಯಲ್ಲಿ ಬೇಡ" ಅಂತ ನೇರ ಹೇಳಿಬಿಡುತ್ತಿದ್ದಳು. ಇವತ್ತಿಗೂ ಅದೇ ನನ್ನ ಧೈರ್ಯ.

ಇನ್ನೊಂದು. ಜೊತೆಯಲ್ಲಿ ಹೊರಟಾಗ ಜನ ಅವನನ್ನು ಬಿಟ್ಟು ನಿಮ್ಮನ್ನು ಕೇಳುತ್ತಾರೆ. "ಇವರು ಎಲ್ಲಿ ಇಳೀಬೇಕು?" "ಇವರಿಗೆ ಚಹಾ ಬೇಕಾ?" ನೀವು ಉತ್ತರ ಕೊಡಬೇಡಿ. ಅವನೇ ಹೇಳಲಿ. ಎದುರಿನವರು ಎರಡನೇ ಸಲ ಅವನನ್ನೇ ಕೇಳುತ್ತಾರೆ.

ಕಾರವಾರದಿಂದ:
ಅಕ್ಕ, ನನ್ನದೂ ಮೊಣಕಾಲಿನ ಕೆಳಗಿನ ಕೃತಕ ಕಾಲೇ. ಜನರ ಕಣ್ಣು ಒಂದು ಕಡೆ. ಬೀಳುವ ಭಯ, ನೋವು ಇದೆಯಾ ಅಂತಲೂ ಕೇಳಿ. ಹುಡುಗರು ಅದನ್ನು ಬೇಗ ಬಾಯಿಬಿಡುವುದಿಲ್ಲ. ಮೊದಮೊದಲು ತುಂಡಾಗಿ ಉಳಿದ ಕಾಲಿನ ಭಾಗದ ಊತ ಇಳಿಯುತ್ತಾ ಹೋಗುತ್ತದೆ, ಆ ಭಾಗ ಕೂರುವ ಕೃತಕ ಕಾಲಿನ ಬಟ್ಟಲು, ಅಂದರೆ ಸಾಕೆಟ್, ಸಡಿಲವಾಗುತ್ತದೆ. ಒಂದು ಕಾಲುಚೀಲ ಜಾಸ್ತಿ ಹಾಕಿದರೆ ಕೆಲವು ದಿನ ನಡೆಯುತ್ತದೆ, ಆಮೇಲೆ ಸಾಕೆಟ್ಟನ್ನೇ ಬದಲಿಸಬೇಕು. ನಮ್ಮ ಕರಾವಳಿಯ ಸೆಕೆಗೆ ಲೈನರ್ (ಸಾಕೆಟ್ ಒಳಗೆ ಚರ್ಮಕ್ಕೆ ತಾಗಿ ಹಾಕುವ ಮೆತ್ತನೆಯ ಕವಚ) ಒಳಗೆ ಬೆವರು ನಿಲ್ಲುತ್ತದೆ. ದಿನಾ ರಾತ್ರಿ ತೊಳೆದು ಒಣಗಿಸದಿದ್ದರೆ ಚರ್ಮ ಕೆಂಪಾಗಿ ಗುಳ್ಳೆ ಏಳುತ್ತದೆ.

ಮನೆ ಮೆಟ್ಟಿಲು ಚಿರೆಕಲ್ಲಿನದಾ? ಮಳೆಗಾಲದಲ್ಲಿ ಪಾಚಿ ಹಿಡಿದರೆ ಎರಡು ಕಾಲಿದ್ದವರೂ ಜಾರುತ್ತಾರೆ. ಬ್ಲೀಚಿಂಗ್ ಪುಡಿ ಹಾಕಿ ತಿಕ್ಕಿಸಿ, ಪಕ್ಕಕ್ಕೆ ಹಿಡಿಯಲು ಪೈಪ್ ಹಾಕಿಸಿ. ಗದ್ದೆ, ಕಡಲದಂಡೆ ಅಂತ ಬರಿಗಾಲಲ್ಲಿ ಓಡಾಡುವವನಾದರೆ ಜೈಪುರ ಪಾದದ ಬಗ್ಗೆ ವಿಚಾರಿಸಿ. 1968ರಲ್ಲಿ ಜೈಪುರದಲ್ಲಿ ಅದನ್ನು ಮಾಡಿದ್ದೇ ನಮ್ಮ ಜನ ಕುಕ್ಕರಗಾಲಲ್ಲಿ ಕೂರಬೇಕು, ಕೆಸರಲ್ಲೂ ನಡೆಯಬೇಕು ಅಂತ.

ಹೊನ್ನಾವರದಿಂದ:
ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರ ಗುರುತಿನ ಚೀಟಿ, ಮಾಡಿಸಿದ್ದೀರಾ? ಅಂಗವಿಕಲತೆ ಶೇ 40 ಅಥವಾ ಹೆಚ್ಚು ಅಂತ ಪ್ರಮಾಣಪತ್ರ ಸಿಕ್ಕರೆ ಸರ್ಕಾರಿ ಕೆಲಸದ ಕನಿಷ್ಠ ಶೇ 4 ಮೀಸಲಾತಿಗೆ ಅರ್ಜಿ ಹಾಕಬಹುದು. ಪಂಚಾಯತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕೇಳಿ, ಅರ್ಜಿ ತುಂಬಲು ಸಹಾಯ ಮಾಡುತ್ತಾರೆ. ಬೀದಿಯಲ್ಲಿ ಬೇಕಂತಲೇ "ಕುಂಟ" ಅಂತ ಅವಮಾನ ಮಾಡಿದರೆ ಅದು ಅಪರಾಧ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 92ನೇ ಸೆಕ್ಷನ್ ಪ್ರಕಾರ 6 ತಿಂಗಳಿಂದ 5 ವರ್ಷದವರೆಗೆ ಜೈಲು, ದಂಡ. ಇದನ್ನು ತಮ್ಮನಿಗೂ ತಿಳಿಸಿ.

ಕುಮಟಾದಿಂದ:
ಕೇಳಿದೆ. ಸಂಜೆ ಹೊತ್ತಿಗೆ ಸಾಕೆಟ್ ಒತ್ತಿ ತುಂಬಾ ನೋಯುತ್ತದಂತೆ. ಇಷ್ಟು ದಿನ ಹೇಳಿರಲಿಲ್ಲ. ಕಾರವಾರದವರೇ, ಸಾಕೆಟ್ ಬದಲಿಸಲು ಎಷ್ಟು ದಿನ ಹಿಡಿಯಿತು? ಅಲ್ಲಿಯವರೆಗೆ ಹಳೆಯದನ್ನೇ ಹಾಕಿಕೊಂಡಿರಬಹುದಾ?