ಬಿಡಿಭಾಗ ಸಿಗದ ಹಳೆಯ ಏರ್ ಪಿಸ್ತೂಲನ್ನು ಮನೆಯಲ್ಲಿ ಸರಿಪಡಿಸುವುದು: ಅನುಭವ ಹಂಚಿಕೊಳ್ಳಿ

ಪ್ರಶ್ನೆ: ನಮ್ಮ ತಂದೆಯವರು ಗುರಿ ಅಭ್ಯಾಸಕ್ಕೆ ಬಳಸುತ್ತಿದ್ದ, ನಳಿಗೆಯನ್ನು ಮಡಚಿ ಸ್ಪ್ರಿಂಗ್ ಏರಿಸುವ 4.5 ಮಿ.ಮೀ. ಏರ್ ಪಿಸ್ತೂಲು ಈಗ ನನ್ನ ಬಳಿ ಇದೆ. ಪೆಲೆಟ್ (ಸೀಸದ ಸಣ್ಣ ಗುಂಡು) ಹೊರಬರುತ್ತದೆ, ಆದರೆ ಹತ್ತು ಹೆಜ್ಜೆ ದೂರದ ದಪ್ಪ ರಟ್ಟನ್ನೂ ತೂರುವುದಿಲ್ಲ. ಈ ಮಾದರಿಯ ತಯಾರಿಕೆ ನಿಂತು ದಶಕಗಳಾಗಿದ್ದು, ಬಿಡಿಭಾಗಗಳು ಎಲ್ಲಿಯೂ ದೊರೆಯುತ್ತಿಲ್ಲ. ಇಂಥದ್ದನ್ನು ಸ್ವತಃ ಸರಿಪಡಿಸಿದವರು, ಎಲ್ಲಿಂದ ಆರಂಭಿಸಬೇಕೆಂದು ದಯವಿಟ್ಟು ತಿಳಿಸಿ.

ಉತ್ತರ: ಬಿಚ್ಚುವ ಮೊದಲು ಒಂದು ಪರೀಕ್ಷೆ ಮಾಡಿ. ನಳಿಗೆ ಮತ್ತು ಸಿಲಿಂಡರ್ ಕೂಡುವ ಸಂದಿಯ ಮೇಲೆ ತೆಳುವಾದ ಟಿಶ್ಯೂ ಕಾಗದದ ಚೂರನ್ನು ಇಟ್ಟು, ಪೆಲೆಟ್ ತುಂಬಿಯೇ ಒಮ್ಮೆ ಹಾರಿಸಿ. ಪೆಲೆಟ್ ಇಲ್ಲದೆ ಹಾರಿಸಿದರೆ ಎದುರೊತ್ತುವ ಗಾಳಿಯಿಲ್ಲದೆ, ಸ್ಪ್ರಿಂಗ್ ನೂಕುವ ಪಿಸ್ಟನ್ ನೇರವಾಗಿ ಸಿಲಿಂಡರಿನ ತುದಿಗೆ ಬಡಿಯುತ್ತದೆ. ಕಾಗದ ಹಾರಿಹೋದರೆ ಗಾಳಿ ಸೋರುತ್ತಿರುವುದು ಸಂದಿಯಲ್ಲಿಯೇ. ಆಗ ಹೊಸದೊಂದು ರಬ್ಬರ್ ರಿಂಗ್ ಸಾಕಾಗಬಹುದು. ಕಾಗದ ಅಲುಗದಿದ್ದರೆ ದೋಷ ಬಹುತೇಕ ಗಾಳಿ ಸೋರದಂತೆ ಪಿಸ್ಟನ್ನಿಗೆ ತೊಡಿಸಿದ ಸೀಲ್‌ನಲ್ಲಿರುತ್ತದೆ, ಇಲ್ಲವೇ ಸ್ಪ್ರಿಂಗ್ ಸೋತಿರುತ್ತದೆ.

ನನ್ನ ಪಿಸ್ತೂಲಿನಲ್ಲಿ ಕೆಟ್ಟಿದ್ದು ಚರ್ಮದ ಸೀಲ್. ಸೈಕಲ್ ಪಂಪಿನ ಒಳಗಿರುವ ಬಟ್ಟಲಿನಂಥ ವಾಷರನ್ನು ನೋಡಿದವರಿಗೆ ಇದರ ಕೆಲಸ ತಾನೇ ಅರ್ಥವಾಗುತ್ತದೆ: ಬಟ್ಟಲಿನ ಬಾಯಿ ಗಾಳಿ ಒತ್ತುವ ಕಡೆಗಿರುವುದರಿಂದ, ಒತ್ತಡ ಏರಿದಂತೆ ಅಂಚು ಅಗಲವಾಗಿ ಸಿಲಿಂಡರಿನ ಗೋಡೆಗೆ ಅಂಟಿಕೊಳ್ಳುತ್ತದೆ. ಅದನ್ನು ಮನೆಯಲ್ಲಿಯೇ ಮಾಡಬಹುದು. ತೊಗಟೆಯಿಂದ ಹದಮಾಡಿದ, ಎರಡೂವರೆ ಮಿ.ಮೀ. ದಪ್ಪದ ಗಟ್ಟಿ ಚರ್ಮವನ್ನು ಆರಿಸಿಕೊಳ್ಳಿ. ಕ್ರೋಮ್‌ನಲ್ಲಿ ಹದಮಾಡಿದ ಮೆತ್ತನೆಯ ಚರ್ಮ ಒತ್ತಿದ ಆಕಾರವನ್ನು ಅಷ್ಟಾಗಿ ಹಿಡಿದಿಟ್ಟುಕೊಳ್ಳುವುದಿಲ್ಲ. ಸಿಲಿಂಡರಿನ ಒಳವ್ಯಾಸ 25 ಮಿ.ಮೀ. ಇದ್ದರೆ, ಮರದ ತುಂಡಿನಲ್ಲಿ ಅಷ್ಟೇ ಅಗಲದ ತೂತು ಕೊರೆದು, ಚರ್ಮದ ದಪ್ಪವನ್ನು ಎರಡೂ ಬದಿಯಿಂದ ಕಳೆದು 20 ಮಿ.ಮೀ. ಗೂಟವೊಂದನ್ನು ಸಿದ್ಧಮಾಡಿಕೊಳ್ಳಬೇಕು. ಉಗುರುಬೆಚ್ಚಗಿನ ನೀರಿನಲ್ಲಿ ಅರ್ಧ ಗಂಟೆ ನೆನೆಸಿದ ಚರ್ಮವನ್ನು ತೂತಿನ ಮೇಲಿಟ್ಟು, ಗೂಟವನ್ನು ವೈಸ್‌ನಲ್ಲಿ ನಿಧಾನವಾಗಿ ಒತ್ತಿ, ಹಾಗೆಯೇ ನೆರಳಿನಲ್ಲಿ ಪೂರ್ತಿ ಒಣಗಲು ಬಿಡಿ. ಅಂಚನ್ನು ಹರಿತವಾದ ಬ್ಲೇಡಿನಿಂದ ಸಮಮಾಡಿದ ಮೇಲೆ ಒಂದು ರಾತ್ರಿ ನೀಟ್ಸ್‌ಫುಟ್ ಎಣ್ಣೆಯಲ್ಲಿ (ದನದ ಕಾಲಿನ ಮೂಳೆಗಳಿಂದ ತೆಗೆಯುವ, ಚರ್ಮ ಮೃದುಮಾಡುವ ಎಣ್ಣೆ) ನೆನೆಸಿಡಿ.

ನಾನು ಮಾಡಿದ ಮೊದಲ ಸೀಲ್ ಒಂದೇ ದಿನಕ್ಕೆ ಹಾಳಾಯಿತು. ಸಿಲಿಂಡರಿನ ಬದಿಯಲ್ಲಿ ಸ್ಪ್ರಿಂಗ್ ಏರಿಸುವ ಕಡ್ಡಿ ಓಡಾಡಲು ಉದ್ದನೆಯ ಸೀಳು ಇರುತ್ತದೆ. ಅದರ ಅಂಚು ಬ್ಲೇಡಿನಷ್ಟೇ ಹರಿತ. ಪಿಸ್ಟನ್ನನ್ನು ನೇರವಾಗಿ ನೂಕಿದಾಗ ಆ ಅಂಚು ಚರ್ಮದಿಂದ ಎಳೆಯಂಥ ಸುರುಳಿಯೊಂದನ್ನು ಕೆತ್ತಿ ಹೊರಹಾಕಿತು. ಎರಡನೆಯ ಬಾರಿ ಅಂಚುಗಳನ್ನು ನಯವಾದ ಎಮರಿ ಕಾಗದದಿಂದ ಉಜ್ಜಿ, ಸೀಲನ್ನು ಬೆರಳಿನಿಂದ ಒಳಕ್ಕೆ ಅದುಮುತ್ತ ಪಿಸ್ಟನ್ನನ್ನು ತಿರುಗಿಸಿ ತೂರಿಸಿದೆ. ಆ ಸೀಲ್ ಇಂದಿಗೂ ಚೆನ್ನಾಗಿ ಕೆಲಸ ಮಾಡುತ್ತಿದೆ.

ಉತ್ತರ: ಮೇಲಿನವರು ಸೀಲಿನ ಬಗ್ಗೆ ಹೇಳಿದ್ದೆಲ್ಲ ಸರಿ, ನಾನು ಸ್ಪ್ರಿಂಗಿನ ಬಗ್ಗೆ ಬರೆಯುತ್ತೇನೆ. ಏರಿಸದೆ ಇರುವಾಗಲೂ ಅದು ಒಳಗೆ ಒತ್ತಿಕೊಂಡೇ ಕುಳಿತಿರುತ್ತದೆ. ಹಿಂಬದಿಯ ಮುಚ್ಚಳದ ತಿರುಪಿನ ಕೊನೆಯ ಎಳೆ ಬಿಟ್ಟ ಕ್ಷಣ ಮುಚ್ಚಳವೂ ಸ್ಪ್ರಿಂಗೂ ಮುಖಕ್ಕೆ ಚಿಮ್ಮಬಹುದಾದ್ದರಿಂದ, ಬಡಗಿಗಳು ಹಲಗೆ ಜೋಡಿಸಲು ಬಳಸುವ ಉದ್ದನೆಯ ಕ್ಲಾಂಪಿನಲ್ಲಿ ಹಿಡಿದು, ಸ್ಪ್ರಿಂಗನ್ನು ಸ್ವಲ್ಪಸ್ವಲ್ಪವಾಗಿ ಸಡಿಲಿಸಿ. ಕಣ್ಣಿಗೆ ಕನ್ನಡಕ ಇರಲೇಬೇಕು.

ಹೊರತೆಗೆದ ಸ್ಪ್ರಿಂಗನ್ನು ಗಾಜಿನ ಮೇಲೆ ಉರುಳಿಸಿದರೆ ಬಾಗಿದ್ದು ತಿಳಿಯುತ್ತದೆ. ಬದಲಿಯನ್ನು ಹುಡುಕುವಾಗ ಪಿಸ್ತೂಲಿನ ಹೆಸರಿಗಿಂತ ತಂತಿಯ ದಪ್ಪ, ಹೊರವ್ಯಾಸ, ಸುತ್ತುಗಳ ಸಂಖ್ಯೆ ಮತ್ತು ಉದ್ದ ಮುಖ್ಯ. ಈ ನಾಲ್ಕು ಅಳತೆ ಕೊಟ್ಟರೆ ಸ್ಪ್ರಿಂಗ್ ಸುತ್ತುವವರು ಹೊಸದನ್ನೇ ಮಾಡಿಕೊಡುತ್ತಾರೆ. ಹೆಚ್ಚು ಬಲ ಬರಲೆಂದು ದಪ್ಪ ತಂತಿ ಹಾಕಿಸಬೇಡಿ. ಸ್ಪ್ರಿಂಗಿನ ಬಿಗಿ ತಂತಿಯ ವ್ಯಾಸದ ನಾಲ್ಕನೆಯ ಘಾತದಂತೆ ಏರುವುದರಿಂದ, 2.6 ಮಿ.ಮೀ. ಬದಲು 2.8 ಮಿ.ಮೀ. ಹಾಕಿದರೂ ಬಿಗಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಏರಿ, ಹಳೆಯ ಕೀಲುಗಳ ಮೇಲೆ ಆ ಭಾರವೆಲ್ಲ ಬೀಳುತ್ತದೆ. ಸುತ್ತುಗಳು ಒಂದಕ್ಕೊಂದು ತಾಗಿ ಪೂರ್ತಿ ಏರಿಸಲಾಗದ ಸಂಭವವೂ ಇದೆ.

ನಿಮ್ಮದು ಡಯಾನಾ ಕಂಪನಿಯ, ಗಿಸ್ ಎಂಬ ಒದೆತ ತಗ್ಗಿಸುವ ವ್ಯವಸ್ಥೆಯ ಪಿಸ್ತೂಲಾಗಿದ್ದರೆ ಬಿಚ್ಚಬೇಡಿ. ಅದರಲ್ಲಿ ಎದುರುಬದುರಾಗಿ ಚಲಿಸುವ ಎರಡು ಪಿಸ್ಟನ್‌ಗಳು ಹಲ್ಲಿನ ಗಾಲಿಯಿಂದ ಕೂಡಿಕೊಂಡಿರುತ್ತವೆ. ಮರುಜೋಡಣೆಯಲ್ಲಿ ಒಂದು ಹಲ್ಲು ತಪ್ಪಿದರೂ ತಾಳ ಕೆಡುತ್ತದೆ. ಅದನ್ನು ಬಲ್ಲವರಿಗೇ ಕೊಡುವುದು ಒಳ್ಳೆಯದು.

ಉತ್ತರ: ನನ್ನದು ಒಂದೇ ವಿನಂತಿ: ಏರಿಸಿದ ಸ್ಪ್ರಿಂಗನ್ನು ತಡೆಹಿಡಿಯುವ ಟ್ರಿಗರಿನ ಕೊಕ್ಕೆಗೆ ಅರ ತಾಗಿಸಬೇಡಿ. ಅಂಥ ಭಾಗಗಳಲ್ಲಿ ಅನೇಕ ವೇಳೆ ಮೇಲ್ಮೈ ಮಾತ್ರ ಮಿ.ಮೀ.ನ ಒಂದು ಅಂಶದಷ್ಟು ಗಡುಸಾಗಿದ್ದು ಒಳಗೆ ಮೆತ್ತನೆಯ ಕಬ್ಬಿಣವಿರುತ್ತದೆ; ಆ ಪದರ ಹೋದರೆ ಕೊಕ್ಕೆ ಬೇಗ ಸವೆದು ತಾನಾಗಿ ಜಾರುತ್ತದೆ. ನಾನು ಕೊಂಡ ಹಳೆಯ ಪಿಸ್ತೂಲಿನಲ್ಲಿ ಹಿಂದಿನ ಮಾಲೀಕರು ಹೀಗೆಯೇ ಉಜ್ಜಿದ್ದರು. ಪೆಲೆಟ್ ತುಂಬುತ್ತಿದ್ದಾಗ ಕೊಕ್ಕೆ ಜಾರಿ ನಳಿಗೆ ಮೇಲಕ್ಕೆ ಬಡಿಯಿತು. ಹೆಬ್ಬೆರಳಿನ ಉಗುರು ಕಿತ್ತುಬಂತು. ಅಂದಿನಿಂದ ಪೆಲೆಟ್ ತುಂಬುವಾಗ ಇನ್ನೊಂದು ಕೈಯಿಂದ ನಳಿಗೆಯನ್ನು ಬಿಗಿಯಾಗಿ ಹಿಡಿದೇ ಇರುತ್ತೇನೆ. ಸವೆದ ಕೊಕ್ಕೆಗೆ ಇರುವ ದಾರಿಯೆಂದರೆ, ಅದೇ ಮಾದರಿಯ ಕೆಟ್ಟುಹೋದ ಪಿಸ್ತೂಲೊಂದನ್ನು ಹುಡುಕಿ ಅದರ ಭಾಗಗಳನ್ನು ಬಳಸುವುದು.

ಇಲ್ಲಿ ಹೇಳಿದ್ದೆಲ್ಲ ಗಾಳಿಯ ಪಿಸ್ತೂಲಿಗೆ ಮಾತ್ರ. ಮದ್ದು ಸಿಡಿಸುವ ಪಿಸ್ತೂಲಿನ 9×19 ಮಿ.ಮೀ. ಗುಂಡಿಗೆ ನಿಗದಿಯಾಗಿರುವ ಗರಿಷ್ಠ ಒತ್ತಡವೇ 2350 ಬಾರ್, ಅಂದರೆ ವಾತಾವರಣದ ಒತ್ತಡದ ಎರಡು ಸಾವಿರ ಪಟ್ಟಿಗೂ ಹೆಚ್ಚು. ಅಂಥ ಆಯುಧದ ದುರಸ್ತಿ ಪರವಾನಗಿ ಪಡೆದ ಕುಶಲಕರ್ಮಿಯ ಕೆಲಸ.

ಪ್ರಶ್ನೆ ಕೇಳಿದವರು: ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಟಿಶ್ಯೂ ಕಾಗದ ಅಲುಗಲಿಲ್ಲ. ಕ್ಲಾಂಪಿನಲ್ಲಿ ಹಿಡಿದು ಬಿಚ್ಚಿದಾಗ ಸ್ಪ್ರಿಂಗ್ ನೇರವಾಗಿಯೇ ಇತ್ತು, ಆದರೆ ಚರ್ಮದ ಸೀಲ್ ಒಣಗಿ ಬಿರುಕುಬಿಟ್ಟು, ಬೆರಳಲ್ಲಿ ಹಿಡಿದೊಡನೆ ಅಂಚು ಪುಡಿಯಾಯಿತು. ಹೊಸ ಚರ್ಮ ಈಗ ಮರದ ಅಚ್ಚಿನಲ್ಲಿದೆ. ಸೀಳಿನ ಅಂಚನ್ನು ಇವತ್ತೇ ಉಜ್ಜಿ ಮುಗಿಸುತ್ತೇನೆ.