ಪದಚರ್ಚೆ: ಎಂಜಿನ್ ಆಯಿಲ್‌ನ ನ್ಯಾನೊಕಣ ‘ಲೇಪಿತ’ವೇ?

ಕಾರವಾರದಿಂದ, ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ಡಿಪ್ಲೊಮಾ ಮೆಕ್ಯಾನಿಕಲ್ ಓದುವವರಿಗೂ ಬೈತಖೋಲ ಬಂದರಿನ ಬೋಟ್ ಮೆಕ್ಯಾನಿಕರಿಗೂ ಒಟ್ಟಿಗೆ ಉಪಯೋಗಕ್ಕೆ ಬರುವ ಎಂಜಿನ್ ಆಯಿಲ್ ಕೈಪಿಡಿಯೊಂದು ಕನ್ನಡದಲ್ಲಿ ಸಿದ್ಧವಾಗುತ್ತಿದೆ. ಅಡಿಟಿವ್ (ಆಯಿಲ್‌ಗೆ ಬೆರೆಸುವ ರಾಸಾಯನಿಕ) ಅಧ್ಯಾಯದ ಒಂದು ಕಡೆ ಕರಡು ಹೀಗಿದೆ:

‘ಮೇಲ್ಮೈ ಸಕ್ರಿಯಕ ಲೇಪಿತ ಖನಿಜ ನ್ಯಾನೊಕಣಗಳು ತೈಲದಲ್ಲಿ ಕರಗಿದ್ದು, ಅತಿಕ್ಷಾರೀಯವಾದ್ದರಿಂದ ಆಮ್ಲವನ್ನು ತಟಸ್ಥಗೊಳಿಸುತ್ತವೆ. ಇದು ಕಂಪ್ಯೂಟರ್ ಅನುಕರಣೆಯಿಂದ ತಿಳಿದಿದೆ.’

ಲೇಪಿತ, ಕರಗಿದ್ದು, ಅತಿಕ್ಷಾರೀಯ, ಅನುಕರಣೆ – ಈ ನಾಲ್ಕರ ಬಗ್ಗೆ ಅನುಮಾನ ಇದೆ. ‘ಖನಿಜ’ವೂ ತೊಡಕೇ: ಪಕ್ಕದ ಪುಟದಲ್ಲೇ ‘ಖನಿಜ ತೈಲ’ ಇದೆ, ಓದುಗರು ಎರಡನ್ನೂ ಒಂದೇ ಎಂದುಕೊಳ್ಳಬಹುದು. ಪದ ಚೆಂದ ಇರಬೇಕೆಂದಿಲ್ಲ, ಅರ್ಥ ಕೆಡಬಾರದು. ತಿಳಿದವರು ಹೇಳಿ.

ಶಿರಸಿಯಿಂದ, ಉತ್ತರ:

ಅಕ್ಕೋರೇ, ‘ಅನುಕರಣೆ’ಯನ್ನು ಮೊದಲು ಮುಗಿಸಿಬಿಡೋಣ, ಅದರಲ್ಲಿ ಜಗ್ಗಾಟ ಬೇಡ. ಅನುಕರಣೆ ಅಂದರೆ ಮಿಮಿಕ್ರಿ ನೆನಪಾಗುತ್ತದೆ. ಸಿಮ್ಯುಲೇಶನ್ ಎಂದೇ ಬರೆಯಿರಿ. ಮೊದಲ ಸಲ ಬಂದಲ್ಲಿ ‘ಅಣುಗಳ ಚಲನೆಯನ್ನು ಹೆಜ್ಜೆ ಹೆಜ್ಜೆಗೆ ಲೆಕ್ಕ ಹಾಕಿ ನೋಡುವ ವಿಧಾನ’ ಎಂದು ಒಂದು ಮಾತು ಸೇರಿಸಿ.

‘ಕರಗಿದ್ದು’ ತಪ್ಪು. ಈ ಕಣದ ತಿರುಳು ಕ್ಯಾಲ್ಸಿಯಂ ಕಾರ್ಬೊನೇಟ್, ಅದು ಎಣ್ಣೆಯಲ್ಲಿ ಕರಗುವ ಜಾತಿಯೇ ಅಲ್ಲ. ಕೆಲವೇ ನ್ಯಾನೊಮೀಟರ್ ಅಡ್ಡಳತೆಯ ತಿರುಳು, ಅದರ ಸುತ್ತ ಒಂದೇ ಸಾಲಿನಲ್ಲಿ ಆಲ್ಕೈಲ್ ಬೆಂಜೀನ್ ಸಲ್ಫೋನೇಟ್ ಅಣುಗಳು (ಕರಡಿನ ‘ಮೇಲ್ಮೈ ಸಕ್ರಿಯಕ’ ಇವೇ). ಅಣುವಿನ ಆವೇಶವಿರುವ ತಲೆ ತಿರುಳಿನ ಕಡೆ, ಎಣ್ಣೆಗೆ ಒಗ್ಗುವ ಬಾಲ ಎಣ್ಣೆಯ ಕಡೆ. ಸಲ್ಫೋನೇಟ್ ಬದಲು ಫೀನೇಟ್, ಸ್ಯಾಲಿಸಿಲೇಟ್ ಕೂಡ ಇರುತ್ತವೆ. ಕಣ ಬೆಳಕಿನ ತರಂಗದೂರಕ್ಕಿಂತ ಎಷ್ಟೋ ಚಿಕ್ಕದು, ಹಾಗಾಗಿ ಆಯಿಲ್ ತಿಳಿಯಾಗಿ ಕಾಣುತ್ತದೆ, ತಿಳಿಯಾಗಿ ಕಂಡಿದ್ದೆಲ್ಲ ಕರಗಿದ್ದು ಎಂದು ನಾವು ಬರೆದುಬಿಡುತ್ತೇವೆ. ನಮ್ಮಲ್ಲಿ ಈ ಸಡಿಲ ಮೊದಲಿನಿಂದಲೂ ಇದೆ. ಕೊಳೆರೋಗಕ್ಕೆ ಅಡಿಕೆ ಕೊನೆಗೆ ಹೊಡೆಯುವುದನ್ನು ‘ಬೋರ್ಡೋ ದ್ರಾವಣ’ ಅನ್ನುತ್ತೇವೆ. ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ ಸೇರಿದ ಆ ನೀಲಿ ನೀರು ದ್ರಾವಣವಲ್ಲ, ಬಿಟ್ಟರೆ ತಳ ಸೇರುತ್ತದೆ. ಆಯಿಲ್‌ನ ಕಣ ತಳ ಸೇರದೆ ನಿಲ್ಲುವುದು ಅದರ ಸಣ್ಣತನದಿಂದ, ಮತ್ತು ಬಾಲಗಳು ಕಣಕ್ಕೆ ಕಣ ಅಂಟದಂತೆ ತಡೆಯುವುದರಿಂದ. ಪಠ್ಯಪುಸ್ತಕದ ‘ಕಲಿಲ’ (ಕೊಲಾಯ್ಡ್) ಇಲ್ಲಿ ಸರಿಯಾದ ಪದ. ‘ಕಲಿಲವಾಗಿ ಹರಡಿಕೊಂಡಿವೆ’ ಎಂದರೆ ಅಡ್ಡಿಲ್ಲ.

‘ಅತಿಕ್ಷಾರೀಯ’ಕ್ಕೆ ನನ್ನ ಆಕ್ಷೇಪ ಎರಡು. ಪಠ್ಯಪುಸ್ತಕದ ಪ್ರಕಾರ ಆಮ್ಲಕ್ಕೆ ಎದುರಾದದ್ದು ಪ್ರತ್ಯಾಮ್ಲ. ಅದರಲ್ಲಿ ನೀರಿನಲ್ಲಿ ಕರಗುವಂಥದ್ದು ಮಾತ್ರ ಕ್ಷಾರ. ಕ್ಯಾಲ್ಸಿಯಂ ಕಾರ್ಬೊನೇಟ್ ಪ್ರತ್ಯಾಮ್ಲ, ಕ್ಷಾರವಲ್ಲ. ಎರಡನೆಯದು, ‘ಅತಿ’ ಅಂದಾಗ ಕಾಸ್ಟಿಕ್ ಸೋಡಾದ ಹಾಗೆ ಕೈ ಸುಡುವ ಪದಾರ್ಥ ಎಂದು ಓದುಗ ತಿಳಿಯುತ್ತಾನೆ. ಇಲ್ಲಿ ಹೆಚ್ಚಾಗಿರುವುದು ತೀಕ್ಷ್ಣತೆಯಲ್ಲ, ಪ್ರಮಾಣ. ತಯಾರಿಕೆ ನೋಡಿದರೆ ಗೊತ್ತಾಗುತ್ತದೆ: ಸಲ್ಫೋನಿಕ್ ಆಮ್ಲವನ್ನು ತಟಸ್ಥ ಮಾಡಲು ಎರಡು ಅಣುವಿಗೆ ಒಂದು ಕ್ಯಾಲ್ಸಿಯಂ ಸಾಕು. ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಅರಳಿಸಿದ ಸುಣ್ಣವನ್ನು ಟಾಲ್ವಿನ್ ಅಥವಾ ಕ್ಸೈಲೀನ್‌ನಲ್ಲಿ, ಸ್ವಲ್ಪ ಮೆಥನಾಲ್ ಜೊತೆಗೆ ಕಲಕಿ, 50–60 ಡಿಗ್ರಿ ಆಸುಪಾಸಿನಲ್ಲಿ ಇಂಗಾಲದ ಡೈಆಕ್ಸೈಡ್ ಊದುತ್ತಾರೆ. ಮಿಕ್ಕ ಸುಣ್ಣ ಅಲ್ಲೇ ಕಾರ್ಬೊನೇಟ್ ಆಗಿ ಸಲ್ಫೋನೇಟ್‌ನ ನಡುವೆ ಕೂರುತ್ತದೆ. ಆಮೇಲೆ ಮೆಥನಾಲ್, ನೀರು, ದ್ರಾವಕ ಬಟ್ಟಿ ಇಳಿಸಿ, ಕೂಡದೆ ಉಳಿದ ಸುಣ್ಣವನ್ನು ಸೋಸುತ್ತಾರೆ. ಅನಿಲವನ್ನು ಅಳತೆ ಮೀರಿ ಊದಿದರೆ ತಿರುಳು ಹರಳುಗಟ್ಟಿ ಮಾಲು ಮಬ್ಬಾಗುತ್ತದೆ, ಮಂದವಾಗುತ್ತದೆ. ಹೀಗೆ ಲೆಕ್ಕಕ್ಕಿಂತ ಮಿಗಿಲಾಗಿ ತುಂಬಿದ್ದಕ್ಕೆ ‘ಅಧಿಕಪ್ರತ್ಯಾಮ್ಲ ಮಾರ್ಜಕ’ ಎನ್ನಿ, ಪಕ್ಕದಲ್ಲಿ ‘ಓವರ್‌ಬೇಸ್ಡ್ ಡಿಟರ್ಜೆಂಟ್’ ಎಂದೂ ಹಾಕಿ. ಡಬ್ಬಿಯ ಮೇಲೆ ಮೆಕ್ಯಾನಿಕರು ಓದುವುದು ಅದನ್ನೇ.

ಇನ್ನು ‘ಲೇಪಿತ’. ನಿಜವಾದ ತಕರಾರು ಇಲ್ಲಿದೆ. ಲೇಪನ ಅಂದರೆ ಮೊದಲೇ ಇರುವ ವಸ್ತುವಿನ ಮೇಲೆ ಇನ್ನೊಂದನ್ನು ಬಳಿದದ್ದು. ಒಳಗಿನದು ಬೇರೆ, ಹೊರಗಿನದು ಬೇರೆ, ಕೆರೆದು ತೆಗೆಯಲೂ ಬರುತ್ತದೆ. ಈ ಕಣ ಹಾಗಿಲ್ಲ ಎಂಬುದು ಸಿಮ್ಯುಲೇಶನ್ ಕಟ್ಟುವಾಗಲೇ ಕೈಗೆ ತಾಗುತ್ತದೆ.

ಎರಡು ನ್ಯಾನೊಮೀಟರ್ ಅಡ್ಡಳತೆಯ ತಿರುಳು ತೆಗೆದುಕೊಳ್ಳಿ. ಗಾತ್ರ 4.2 ಘನ ನ್ಯಾನೊಮೀಟರ್. ಸಾಂದ್ರತೆ ಘನ ಸೆಂಟಿಮೀಟರಿಗೆ 2.5 ಗ್ರಾಂ ಎಂದಿಟ್ಟುಕೊಂಡರೆ ಒಂದು ಘನ ನ್ಯಾನೊಮೀಟರಿಗೆ 15 ಕ್ಯಾಲ್ಸಿಯಂ ಕಾರ್ಬೊನೇಟ್ ಘಟಕ, ತಿರುಳಿಗೆ 63. ಹೊರಮೈ 12.6 ಚದರ ನ್ಯಾನೊಮೀಟರ್. ಒಂದೊಂದು ಸಲ್ಫೋನೇಟ್ ತಲೆಗೆ ಅರ್ಧ ಚದರ ನ್ಯಾನೊಮೀಟರ್ ಜಾಗ ಬಿಟ್ಟರೆ 25 ಹಿಡಿಸುತ್ತವೆ. ಆದರೆ 25 ಹಾಕಬಾರದು, 24 ಹಾಕಬೇಕು. ಸಲ್ಫೋನೇಟ್‌ಗೆ ಒಂದು ಋಣ ಆವೇಶ, ಕ್ಯಾಲ್ಸಿಯಂಗೆ ಎರಡು ಧನ. 24ಕ್ಕೆ 12 ಕ್ಯಾಲ್ಸಿಯಂ ಸರಿಯಾಗುತ್ತದೆ. ಬೆಸಸಂಖ್ಯೆ ಹಾಕಿದರೆ ಒಂದು ಆವೇಶ ಬಾಕಿ. ಸಿಮ್ಯುಲೇಶನ್ ತಂತ್ರಾಂಶಗಳಾದ ಲ್ಯಾಂಪ್ಸ್ ಆಗಲಿ ಗ್ರೊಮ್ಯಾಕ್ಸ್ ಆಗಲಿ ಎಚ್ಚರಿಕೆಯ ಒಂದು ಸಾಲು ಬರೆದು ಮುಂದೆ ಹೋಗುತ್ತವೆ, ಲೆಕ್ಕ ನಿಲ್ಲುವುದಿಲ್ಲ, ಉತ್ತರ ಮಾತ್ರ ನಂಬುವ ಹಾಗಿರುವುದಿಲ್ಲ.

ಈಗ ಆ 12 ಕ್ಯಾಲ್ಸಿಯಂ ತಿರುಳಿನವೋ, ಹೊದಿಕೆಯವೋ? ಕಟ್ಟುವಾಗ ಹೊದಿಕೆಯ ಲೆಕ್ಕದಲ್ಲಿ ಹಾಕುತ್ತೇವೆ. ಒಮ್ಮೆ ಕಾಯಿಸಿ ತಣಿಸಿದ ಮೇಲೆ ನೋಡಿದರೆ ಗುರುತು ಹತ್ತುವುದಿಲ್ಲ. ಹೊರಮೈಯ ಒಂದೇ ಕ್ಯಾಲ್ಸಿಯಂ ಒಂದು ಕಡೆ ಕಾರ್ಬೊನೇಟ್‌ನ ಆಮ್ಲಜನಕವನ್ನೂ ಇನ್ನೊಂದು ಕಡೆ ಸಲ್ಫೋನೇಟ್‌ನ ಆಮ್ಲಜನಕವನ್ನೂ ಸುಮಾರು 0.24 ನ್ಯಾನೊಮೀಟರ್ ದೂರದಲ್ಲಿ ಹಿಡಿದಿರುತ್ತದೆ. ಇಷ್ಟು ಚಿಕ್ಕ ಕಣದಲ್ಲಿ ಹೊರಮೈಗೆ ಸೇರದ ಕ್ಯಾಲ್ಸಿಯಂ ಉಳಿಯುವುದೇ ಸ್ವಲ್ಪ. ತಲೆಗಳು ತಿರುಳಿನ ಭಾಗವೇ ಆಗಿಬಿಟ್ಟಿರುತ್ತವೆ. 1996ರಲ್ಲಿ ಟೋಬಿಯಾಸ್ ಮತ್ತು ಕ್ಲೈನ್ ಇಂಥ ಕಣದ ಸಿಮ್ಯುಲೇಶನ್ ಪ್ರಕಟಿಸಿದಾಗ ಇದನ್ನು ವಿಲೋಮ ಮಿಸೆಲ್ (ತಲೆ ಒಳಗೆ, ಬಾಲ ಹೊರಗೆ ಇರುವ ಅಣುಗಳ ಗುಂಪು) ಎಂದೇ ಕರೆದರು. ಲೇಪನದ ಮಾತಿಗಿಂತ ಅದು ಹತ್ತಿರದ್ದು.

ಕಟ್ಟುವ ಕ್ರಮವೂ ಇದನ್ನೇ ಹೇಳುತ್ತದೆ. ತಿರುಳಿನ ಅಯಾನುಗಳನ್ನು ಗೋಳದೊಳಗೆ ಅಡ್ಡಾದಿಡ್ಡಿ ತುಂಬಿ, ಹೆಚ್ಚು ತಾಪದಲ್ಲಿ ಕರಗಿಸಿ ನಿಧಾನವಾಗಿ 300 ಕೆಲ್ವಿನ್‌ಗೆ ಇಳಿಸಬೇಕು. ಆಗ ಹರಳಿನ ಸಾಲು ಇಲ್ಲದ, ಅಸ್ಫಟಿಕ ತಿರುಳು ಸಿಗುತ್ತದೆ. ಕ್ಯಾಲ್ಸೈಟ್ ಹರಳಿನಿಂದ ಗೋಳ ಕತ್ತರಿಸಿ ಇಟ್ಟರೆ ಕೆಲಸ ಸುಲಭ, ಆದರೆ ಕಾರ್ಖಾನೆಯ ಕಣ ಅದಲ್ಲ. ಆಮೇಲೆ ಸಲ್ಫೋನೇಟ್‌ಗಳನ್ನು ಸುತ್ತ ನಿಲ್ಲಿಸಿ, ಎಣ್ಣೆ ಹಾಕುವ ಮೊದಲೇ, ಬರಿಯ ನಿರ್ವಾತದಲ್ಲಿ 500–600 ಕೆಲ್ವಿನ್‌ನಲ್ಲಿ ಓಡಿಸಿ ತಲೆಗಳಿಗೆ ಸರಿದಾಡಲು ಅವಕಾಶ ಕೊಡಬೇಕು. ಈ ಹಂತ ಬಿಟ್ಟವರಿಗೆ ಕಣದ ಒಂದು ಪಕ್ಕ ದಟ್ಟವಾಗಿ, ಇನ್ನೊಂದು ಪಕ್ಕ ಬೋಳಾಗಿ ಸಿಗುತ್ತದೆ, ಎಷ್ಟು ಹೊತ್ತು ಓಡಿಸಿದರೂ ಹಾಗೇ ಇರುತ್ತದೆ. ಕಾರಣ ಸರಳ: ಎಣ್ಣೆಯ ವಿದ್ಯುತ್ ಪಾರಕತೆ ಸುಮಾರು 2, ನೀರಿನದು ಸುಮಾರು 80. ಅರ್ಧ ನ್ಯಾನೊಮೀಟರ್ ದೂರದ ಎರಡು ಒಂಟಿ ಆವೇಶಗಳ ಸೆಳೆತ ಎಣ್ಣೆಯಲ್ಲಿ ಮೋಲ್‌ಗೆ 139 ಕಿಲೋಜೂಲ್, ನೀರಿನಲ್ಲಿ 3.5. ಕೋಣೆಯ ತಾಪದ ಚಡಪಡಿಕೆ ಬರೀ 2.5. ಎಣ್ಣೆಯಲ್ಲಿ ಒಮ್ಮೆ ಕೂತ ತಲೆ ಏಳುವುದಿಲ್ಲ. ಬಳಿದದ್ದಾದರೆ ಹೀಗೆ ಕಚ್ಚಿಕೊಳ್ಳುತ್ತಿರಲಿಲ್ಲ.

ಸಿಮ್ಯುಲೇಶನ್‌ನಲ್ಲಿ ಎಣ್ಣೆಯ ಜಾಗಕ್ಕೆ ಡೆಕೇನ್ (ಹತ್ತು ಇಂಗಾಲದ ಸರಪಳಿ) ಹಾಕುವುದು ರೂಢಿ. ತಿರುಳು 2, ಎರಡೂ ಕಡೆಯ ಬಾಲ ಸೇರಿ 4, ಒಟ್ಟು 6 ನ್ಯಾನೊಮೀಟರ್. ಲೆಕ್ಕ ನಡೆಯುವುದು ಒಂದು ಪೆಟ್ಟಿಗೆಯೊಳಗೆ, ಅದೇ ಪೆಟ್ಟಿಗೆ ಸುತ್ತಲೂ ಮರುಕಳಿಸುತ್ತದೆ ಎಂದಿಟ್ಟುಕೊಂಡು; ಕಣ ಆಚೆ ಬದಿಯ ತನ್ನದೇ ಪ್ರತಿಬಿಂಬವನ್ನು ಮುಟ್ಟಬಾರದೆಂದರೆ ಪೆಟ್ಟಿಗೆಯ ಬದಿ 8ಕ್ಕೆ ಕಡಿಮೆ ಬೇಡ. ಅದಕ್ಕೆ 1,400ರಿಂದ 1,500 ಡೆಕೇನ್, ಅಂದರೆ 46,000ದಷ್ಟು ಪರಮಾಣು. ಹೆಜ್ಜೆ ಒಂದು ಫೆಮ್ಟೊಸೆಕೆಂಡ್. ಮೊದಲು ಕಣವಿಲ್ಲದ ಡೆಕೇನ್‌ನ ಸಾಂದ್ರತೆ 298 ಕೆಲ್ವಿನ್‌ನಲ್ಲಿ ಘನ ಸೆಂಟಿಮೀಟರಿಗೆ 0.73 ಗ್ರಾಂ ಹತ್ತಿರ ಬರುತ್ತದೋ ನೋಡಿ, ಆಮೇಲೆ ಮುಂದಿನ ಮಾತು. ಹೆಕ್ಸಾಡೆಕೇನ್‌ನಂಥ ಉದ್ದ ಸರಪಳಿ ಬೇಕೆಂದರೆ ಓಪಿಎಲ್‌ಎಸ್‌ನ ಹಳೆಯ ಅಂಕಿಗಳು (ಪರಮಾಣುಗಳ ನಡುವಿನ ಸೆಳೆತ, ತಳ್ಳಾಟ ಹೇಳುವ ಅಂಕಿಗಳ ಕಟ್ಟು) ಸಾಲವು. ದ್ರವವಾಗಿರಬೇಕಾದ ತಾಪದಲ್ಲೇ ಗಟ್ಟಿಯಾಗಿಬಿಡುತ್ತದೆ. ಉದ್ದ ಸರಪಳಿಗೆಂದೇ ತಿದ್ದಿದ ಎಲ್-ಓಪಿಎಲ್‌ಎಸ್ ಬಳಸಬೇಕು. (‘ಬಲಕ್ಷೇತ್ರ’ ಎಂಬ ಪದ ಕೈಪಿಡಿಯಲ್ಲಿ ಬಂದರೆ ಅದು ಈ ಅಂಕಿಗಳ ಕಟ್ಟು ಎಂದು ತಿಳಿಸಿ, ಅಯಸ್ಕಾಂತ ಕ್ಷೇತ್ರದ ಹಾಗೆ ಏನೋ ಇದೆ ಎಂದು ಹುಡುಗರು ಭಾವಿಸುತ್ತಾರೆ.)

ಆದ್ದರಿಂದ ‘ಲೇಪಿತ’ ಬಿಡಿ. ‘ಸಲ್ಫೋನೇಟ್ ಸುತ್ತುಗಟ್ಟಿದ ಸುಣ್ಣದ ಕಣ’ ಎಂದರೆ ಸಾಕು. ‘ಖನಿಜ’ವೂ ತಾನಾಗಿಯೇ ಹೋಗುತ್ತದೆ, ಗಣಿಯಿಂದ ತಂದದ್ದಲ್ಲವಲ್ಲ.

ಕುಮಟಾ ತಾಲ್ಲೂಕು, ತದಡಿಯಿಂದ:

ಮಾಸ್ತರೇ, ‘ಸುತ್ತುಗಟ್ಟಿದ’ ಒಪ್ಪಿದೆ. ‘ಸುಣ್ಣದ ಕಣ’ ಒಪ್ಪಿಲ್ಲ. ಅಘನಾಶಿನಿ ದಂಡೆಯ ಯಾರಿಗೂ ಚಿಪ್ಪು ಬೇರೆ, ಸುಣ್ಣ ಬೇರೆ. ಬಳಚಿನ ಚಿಪ್ಪು ಸುಟ್ಟ ಮೇಲೆ ಸುಣ್ಣ. ಸುಡುವ ಮೊದಲು ಅದು ಕಾರ್ಬೊನೇಟ್. ನಿಮ್ಮ ಕಣದಲ್ಲಿ ಸುಣ್ಣ ಮತ್ತೆ ಅನಿಲ ಕುಡಿದು ಕಾರ್ಬೊನೇಟ್ ಆಗಿದೆ ಎಂದು ನೀವೇ ಬರೆದಿದ್ದೀರಿ. ‘ಸುಣ್ಣದಕಲ್ಲಿನ ಕಣ’ ಎನ್ನಬಹುದು, ಇಲ್ಲವೇ ನೇರವಾಗಿ ಕ್ಯಾಲ್ಸಿಯಂ ಕಾರ್ಬೊನೇಟ್.

ಬಂದರಿನ ಮಾತು ಎರಡು ಸೇರಿಸಿಕೊಳ್ಳಿ. ‘ಆಯಿಲ್ ಹಾಲಾಯ್ತು’ ಅನ್ನುವುದು ಮತ್ತು ‘ಆಯಿಲ್ ಮಬ್ಬಾಯ್ತು’ ಅನ್ನುವುದು ಒಂದೇ ಅಲ್ಲ. ಹಾಲಾಗುವುದು ಕೂಲರ್ ಸೋರಿ ನೀರು ಕಡೆದುಕೊಂಡಾಗ. ಮಬ್ಬು ಆಮೇಲಿನ ಕಥೆ: ನೀರು ಸಲ್ಫೋನೇಟ್ ತಲೆಗೂ ತಿರುಳಿಗೂ ನಡುವೆ ಸೇರಿ, ಅಸ್ಫಟಿಕ ಕಾರ್ಬೊನೇಟ್ ಕ್ಯಾಲ್ಸೈಟ್ ಹರಳಾಗಲು ದಾರಿ ಮಾಡುತ್ತದೆ. ಹರಳು ಬೆಳೆದರೆ ಫಿಲ್ಟರ್ ಕಟ್ಟುತ್ತದೆ. ನೀರು ಬಸಿದು ತೆಗೆದರೂ ಆ ಆಯಿಲ್ ಮೊದಲಿನಂತಾಗುವುದಿಲ್ಲ. ಅವಕೆಂಪು ಪರೀಕ್ಷೆಯಲ್ಲಿ ಅಸ್ಫಟಿಕದ ಗೆರೆ ಸೆಂಟಿಮೀಟರಿಗೆ 862 ತರಂಗದ ಬಳಿ, ಕ್ಯಾಲ್ಸೈಟ್‌ನದು 882ರ ಬಳಿ. ಇದೇ ಬದಲಾವಣೆಯನ್ನು ಬೇಕೆಂದೇ ಮಾಡಿ ಕ್ಯಾಲ್ಸಿಯಂ ಸಲ್ಫೋನೇಟ್ ಗ್ರೀಸ್ ತಯಾರಿಸುತ್ತಾರೆ. ಒಂದು ಕಡೆ ಕೆಡುಕು, ಇನ್ನೊಂದು ಕಡೆ ಮಾಲು.

ಇನ್ನೊಂದು, ‘ಅಧಿಕ’ ಅಂದಕೂಡಲೇ ಹೆಚ್ಚಿದ್ದಷ್ಟೂ ಒಳ್ಳೆಯದು ಎಂದು ಓದುತ್ತಾರೆ. ಟಿಬಿಎನ್ (ಒಂದು ಗ್ರಾಂ ಆಯಿಲ್ ಎಷ್ಟು ಮಿಲಿಗ್ರಾಂ ಪೊಟ್ಯಾಸಿಯಂ ಹೈಡ್ರಾಕ್ಸೈಡ್‌ನಷ್ಟು ಆಮ್ಲ ತಟಸ್ಥಗೊಳಿಸಬಲ್ಲದು ಎಂಬ ಅಂಕಿ) ಪಕ್ಕದಲ್ಲೇ ಒಂದು ಟಿಪ್ಪಣಿ ಬೇಕು. ಒಂದು ಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟ್ 1,121 ಮಿಲಿಗ್ರಾಂ ಪೊಟ್ಯಾಸಿಯಂ ಹೈಡ್ರಾಕ್ಸೈಡ್‌ಗೆ ಸಮ. 300 ಟಿಬಿಎನ್‌ನ ಅಡಿಟಿವ್‌ನಲ್ಲಿ ತೂಕದ ಕಾಲು ಭಾಗಕ್ಕಿಂತ ಸ್ವಲ್ಪ ಹೆಚ್ಚು ಕಾರ್ಬೊನೇಟ್ ಇರುತ್ತದೆ. ಆಮ್ಲಕ್ಕೆ ಸಿಗದೆ ಉಳಿದ ಕಾರ್ಬೊನೇಟ್ ಪಿಸ್ಟನ್ ತಲೆಯ ಅಂಚಿಗೆ ಗಟ್ಟಿಯಾಗಿ ಕೂತು ಲೈನರ್ ಉಜ್ಜುತ್ತದೆ. 2020ರಲ್ಲಿ ಹಡಗಿನ ಇಂಧನದ ಗಂಧಕ 3.5ರಿಂದ ಶೇಕಡ 0.5ಕ್ಕೆ ಇಳಿದಾಗ ದೊಡ್ಡ ಎರಡು-ಸ್ಟ್ರೋಕ್ ಎಂಜಿನ್‌ಗಳ ಸಿಲಿಂಡರ್ ಆಯಿಲ್‌ನ ಟಿಬಿಎನ್ 70–100ರಿಂದ 40ರ ಆಸುಪಾಸಿಗೆ ಇಳಿದದ್ದು ಇದಕ್ಕೇ. ಬಂಕಿನ ಬಿಎಸ್-6 ಡೀಸೆಲ್‌ನಲ್ಲಿ ಗಂಧಕ ಹತ್ತು ಲಕ್ಷಕ್ಕೆ 10 ಪಾಲು ಮಾತ್ರ. ಹಡಗಿನ ಆಯಿಲ್ ಅಗ್ಗಕ್ಕೆ ಸಿಕ್ಕಿತೆಂದು ಟ್ರಾಲ್ ಬೋಟಿಗೆ ಸುರಿಯಬಾರದು. ಬಳಸಿದ ಆಯಿಲ್‌ನ ಟಿಬಿಎನ್ ಹೋಲಿಸುವಾಗ ಯಾವ ವಿಧಾನ ಎಂದು ಕೇಳಿ: ಎಎಸ್‌ಟಿಎಂ ಪರೀಕ್ಷಾ ವಿಧಾನಗಳಲ್ಲಿ ಪರ್ಕ್ಲೋರಿಕ್ ಆಮ್ಲದ ಡಿ 2896 ಹೆಚ್ಚು ತೋರಿಸುತ್ತದೆ, ಹೈಡ್ರೊಕ್ಲೋರಿಕ್ ಆಮ್ಲದ ಡಿ 4739 ಕಡಿಮೆ.

ಕಾರವಾರದಿಂದ:

ಇಬ್ಬರಿಗೂ ವಂದನೆ. ತಿದ್ದಿದ ಕರಡು:

‘ಸಲ್ಫೋನೇಟ್ ಸುತ್ತುಗಟ್ಟಿದ, ಹರಳಾಗದ ಕ್ಯಾಲ್ಸಿಯಂ ಕಾರ್ಬೊನೇಟ್ ನ್ಯಾನೊಕಣಗಳು ಆಯಿಲ್‌ನಲ್ಲಿ ಕಲಿಲವಾಗಿ ಹರಡಿಕೊಂಡಿದ್ದು, ಇಂಧನದ ಗಂಧಕದಿಂದ ಹುಟ್ಟುವ ಆಮ್ಲವನ್ನು ತಟಸ್ಥಗೊಳಿಸುತ್ತವೆ. ಇದು ಸಿಮ್ಯುಲೇಶನ್‌ನಿಂದ ತಿಳಿದಿದೆ.’

ಕೊನೆಯ ವಾಕ್ಯದ ‘ಇದು’ ಕಣದ ರಚನೆ, ಆಮ್ಲ ತಟಸ್ಥಗೊಳಿಸುವುದು ಎರಡಕ್ಕೂ ಸಲ್ಲುತ್ತದೆಯೇ?

ಶಿರಸಿಯಿಂದ:

ಸಲ್ಲುವುದಿಲ್ಲ. ‘ಕಣದ ರಚನೆ ಸಿಮ್ಯುಲೇಶನ್‌ನಿಂದಲೂ ತಿಳಿದಿದೆ’ ಎಂದು ಮಾಡಿ, ಅದನ್ನು ತಟಸ್ಥಗೊಳಿಸುವ ಮಾತಿಗಿಂತ ಮುಂಚೆ ತನ್ನಿ. ಮೇಲೆ ಹೇಳಿದ ಬಗೆಯ ಲೆಕ್ಕದಲ್ಲಿ ಯಾವ ಪರಮಾಣುವಿಗೆ ಯಾವುದು ಬಂಧ ಎಂಬುದು ಮೊದಲೇ ನಿಗದಿ. ಕಾರ್ಬೊನೇಟ್ ಮುರಿಯಲಾರದು, ಇಂಗಾಲದ ಡೈಆಕ್ಸೈಡ್ ಹೊರಡಲಾರದು, ಗಂಧಕಾಮ್ಲ ಜಿಪ್ಸಂ ಜಾತಿಯ ಸಲ್ಫೇಟ್ ಆಗಲಾರದು. ಆಮ್ಲದ ಹನಿ ಕಣದ ಹತ್ತಿರ ಹೇಗೆ ಬರುತ್ತದೆ, ಎಲ್ಲಿ ಅಂಟುತ್ತದೆ ಎನ್ನುವವರೆಗೆ ಮಾತ್ರ ನೋಡಬಹುದು. ಬಂಧ ಒಡೆದು ಕೂಡುವುದು ಬೇಕೆಂದರೆ ರಿಯಾಕ್ಸ್ ಎಫ್‌ಎಫ್‌ನಂಥ ಬೇರೆ ಬಲಕ್ಷೇತ್ರ, ಇಲ್ಲವೇ ಕ್ವಾಂಟಮ್ ಲೆಕ್ಕ. ಅವುಗಳ ಸಮಯದ ಖರ್ಚಿನಲ್ಲಿ ಇಷ್ಟು ದೊಡ್ಡ ಪೆಟ್ಟಿಗೆ ಹಿಡಿಸುವುದು ಕಷ್ಟ. ತಟಸ್ಥಗೊಳಿಸುವುದು ತಿಳಿದಿರುವುದು ಟೈಟ್ರೇಶನ್‌ನಿಂದ ಮತ್ತು ಎಂಜಿನ್ ಪರೀಕ್ಷೆಯಿಂದ.

ತದಡಿಯವರ ‘ಚಿಪ್ಪು–ಸುಣ್ಣ’ ಸರಿ, ‘ಸುಣ್ಣದ ಕಣ’ ವಾಪಸ್. ‘ಮಿಸೆಲ್’ ಬರೆಯುವಾಗ ‘ಮೈಸೆಲ್’ ಎಂದು ಕೆಲವು ಪುಸ್ತಕದಲ್ಲಿದೆ. ಯಾವುದಾದರೂ ಒಂದನ್ನೇ ಕೊನೆಯವರೆಗೆ ಇಟ್ಟುಕೊಳ್ಳಿ, ಪದಸೂಚಿಯಲ್ಲಿ ಎರಡೂ ಇರಲಿ.